ಲಾಗ್‌ನಲ್ಲಿ ಹೊತ್ತು ತಾಳೆಯಾಗದಿದ್ದಾಗ: ವಿಂಡೋಸ್, ಲಿನಕ್ಸ್ ಬೆರೆತ ಕಡೆ ಡೇಟಾಬೇಸ್ ಟೈಮ್‌ಸ್ಟ್ಯಾಂಪ್ ದೋಷ ಹುಡುಕುವ ಬಗೆ

ಬದಿಯಡ್ಕದ ಆಸುಪಾಸಿನ ಒಂದು ಸಹಕಾರಿ ಸಂಘ. ಅಡಿಕೆ ಮಾರಲು ಬಂದ ಸದಸ್ಯರೊಬ್ಬರ ತೂಕದ ಚೀಟಿಯಲ್ಲಿ ಹೊತ್ತು 11:40 ಎಂದಿತ್ತು. ಹಣ ಅವರ ಖಾತೆಗೆ ಜಮೆಯಾದದ್ದು, ಸರ್ವರಿನ ಲಾಗ್ (ನಡೆದದ್ದನ್ನೆಲ್ಲ ಯಂತ್ರ ಹೊತ್ತಿನೊಂದಿಗೆ ತಾನೇ ಬರೆದಿಡುವ ಕಡತ) ಪ್ರಕಾರ, ಅದೇ ದಿನ 06:22ಕ್ಕೆ. ಗೋಣಿ ತಕ್ಕಡಿ ಏರುವ ಐದು ಗಂಟೆ ಮೊದಲೇ ಹಣ ಹೋಗಿದೆ ಎಂದಾಯಿತು. ಸಂಘದ ಬಾಗಿಲು ತೆರೆಯುವುದೇ ಒಂಬತ್ತೂವರೆಗೆ. ಕೌಂಟರಿನಲ್ಲಿ ಕೂರುವ ಹುಡುಗಿಯ ಪಾಸ್‌ವರ್ಡನ್ನು ಯಾರೋ ಬೆಳಗ್ಗೆಯೇ ಬಳಸಿದ್ದಾರೆ ಎಂಬ ಮಾತು ಊಟದ ಹೊತ್ತಿಗೆ ಹುಟ್ಟಿಕೊಂಡಿತು.

ನನ್ನನ್ನು ಕರೆಸಿದ್ದು ಮೂರನೇ ದಿನ. ಎರಡು ಸಾಲುಗಳನ್ನು ಪಕ್ಕಪಕ್ಕ ಇಟ್ಟು ನೋಡಿದೆ. ಸರ್ವರಿನ ಸಾಲಿನಲ್ಲಿ ಸಮಯದ ಕೊನೆಗೆ ಝಡ್ ಎಂಬ ಒಂದು ಇಂಗ್ಲಿಷ್ ಅಕ್ಷರ ಅಂಟಿಕೊಂಡಿತ್ತು. ಅದು ಯುಟಿಸಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಮೂಲ ಸಮಯ, ಎಂಬುದರ ಗುರುತು. ಭಾರತದ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಐದೂವರೆ ಗಂಟೆ ಕೂಡಿಸಿದರೆ 11:52. ತೂಗಿದ ಹನ್ನೆರಡು ನಿಮಿಷಕ್ಕೆ ಹಣ ಜಮೆಯಾಗಿದೆ, ಎಲ್ಲವೂ ಕ್ರಮದಲ್ಲೇ ನಡೆದಿದೆ. ಆ ಒಂದು ಅಕ್ಷರವನ್ನು ಯಾರೂ ಓದದೆ ಹೋದುದರಿಂದ ಒಬ್ಬಳು ಹುಡುಗಿ ಎರಡು ದಿನ ತಲೆ ತಗ್ಗಿಸಿ ಕೂತಿದ್ದಳು. ಅದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಪಂಚಾಂಗ ನೋಡುವ ಮನೆಗಳಲ್ಲಿ ಇದು ಹೊಸ ವಿಷಯವಲ್ಲ. ತಿಥಿ ಇಷ್ಟು ಗಳಿಗೆಗೆ ಮುಗಿಯುತ್ತದೆ ಎಂದಿದ್ದರೆ ಸೂರ್ಯೋದಯದಿಂದ ಎಣಿಸಬೇಕೆಂದು ಅಜ್ಜಿಗೆ ಗೊತ್ತು. ನಡುರಾತ್ರಿಯಿಂದ ಎಣಿಸಿದರೆ ಏಕಾದಶಿಯ ಪಾರಣೆಯೇ ತಪ್ಪುತ್ತದೆ. ಲಾಗ್‌ನ ಹೊತ್ತಿಗೂ ಮೊದಲು ಕೇಳಬೇಕಾದ ಪ್ರಶ್ನೆ ಅದೇ: ಇದನ್ನು ಎಲ್ಲಿಂದ ಎಣಿಸಿದ್ದು?

ಏನನ್ನೂ ಮುಟ್ಟುವ ಮೊದಲು

ಸಂಶಯ ಬಂದ ಕೂಡಲೇ ಗಡಿಯಾರ ತಿದ್ದಲು ಹೋಗಬೇಡಿ. ತಿದ್ದಿದರೆ ಸಾಕ್ಷಿಯೇ ಅಳಿಸಿಹೋಗುತ್ತದೆ. ಮೊದಲು ಎಲ್ಲ ಯಂತ್ರಗಳ ಲಾಗ್ ಕಡತಗಳ ಪ್ರತಿ ತೆಗೆದಿಟ್ಟು, ಇನ್ನು ಮುಂದೆ ನೋಡುವುದೆಲ್ಲ ಆ ಪ್ರತಿಯಲ್ಲಿ ಎಂದು ತೀರ್ಮಾನಿಸಿ. ಮೂಲ ಕಡತವನ್ನು ನೋಟ್‌ಪ್ಯಾಡಿನಲ್ಲೋ ಎಕ್ಸೆಲ್‌ನಲ್ಲೋ ತೆರೆದು ಸೇವ್ ಒತ್ತಬಾರದು. ಏಕೆಂದು ಮುಂದೆ ಹೇಳುತ್ತೇನೆ.

ಪೆನ್‌ಡ್ರೈವಿನಲ್ಲಿ ಪ್ರತಿ ಒಯ್ಯುವವರಿಗೆ ಇನ್ನೊಂದು ಮಾತು. ಫ್ಯಾಟ್32 ರೂಪದ ಪೆನ್‌ಡ್ರೈವ್ ಕಡತದ ಸಮಯವನ್ನು ಸ್ಥಳೀಯ ಸಮಯವಾಗಿಯೇ ಬರೆದಿಡುತ್ತದೆ, ಅದೂ ಎರಡೆರಡು ಸೆಕೆಂಡಿನ ಹೆಜ್ಜೆಯಲ್ಲಿ. ವಿಂಡೋಸಿನ ಡಿಸ್ಕುಗಳಲ್ಲಿರುವ ಎನ್‌ಟಿಎಫ್‌ಎಸ್ ರೂಪ ಯುಟಿಸಿಯಲ್ಲಿ ಇಡುತ್ತದೆ. ಆದ್ದರಿಂದ ಕಡತದ ಮೇಲೆ ಕಾಣುವ 'ಮಾರ್ಪಡಿಸಿದ ಸಮಯ'ವನ್ನು ಪುರಾವೆಯಾಗಿ ನಂಬಬೇಡಿ. ಕಡತದ ಒಳಗಿನ ಸಾಲುಗಳನ್ನು ನಂಬಿ.

ನಂತರದ ಕೆಲಸಕ್ಕೆ ಒಂದು ಕಾಸೂ ಖರ್ಚಿಲ್ಲ. ಎರಡೂ ಕಡೆ ದಾಖಲಾಗಿರುವ *ಒಂದೇ* ಘಟನೆಯನ್ನು ಹಿಡಿಯಿರಿ: ಒಂದು ರಸೀದಿ, ಒಂದು ಲಾಗಿನ್, ಸರ್ವರ್ ಮರುಪ್ರಾರಂಭವಾದ ಹೊತ್ತು, ಯಾವುದಾದರೂ ಸರಿ. ಎರಡು ಹೊತ್ತುಗಳನ್ನು ಕಾಗದದ ಮೇಲೆ ಬರೆದು, ಒಂದರಿಂದ ಇನ್ನೊಂದನ್ನು ಕಳೆದು ವ್ಯತ್ಯಾಸ ತೆಗೆಯಿರಿ. ಇದೇ ಬಗೆಯ ಇನ್ನೆರಡು ಘಟನೆ ತೆಗೆದುಕೊಂಡು, ಸಾಧ್ಯವಾದರೆ ಬೇರೆ ಬೇರೆ ದಿನದವು, ಮತ್ತೆ ಕಳೆಯಿರಿ. ನನ್ನ ಅನುಭವದಲ್ಲಿ ಮುಕ್ಕಾಲು ರೋಗ ಈ ಒಂದು ಸಂಖ್ಯೆಯಲ್ಲೇ ಪತ್ತೆಯಾಗುತ್ತದೆ.

ಲಕ್ಷಣ: ವ್ಯತ್ಯಾಸ ಯಾವಾಗಲೂ ಒಂದೇ, ಗಂಟೆ ಅರ್ಧಗಂಟೆಯ ಲೆಕ್ಕದಲ್ಲಿ

ಮೂರು ಘಟನೆಗಳಲ್ಲೂ ಅದೇ ವ್ಯತ್ಯಾಸ ಬಂದರೆ ನೆಮ್ಮದಿಯಿಂದಿರಿ. ಹೆಚ್ಚಾಗಿ ಗಡಿಯಾರಗಳು ಸರಿಯಾಗಿಯೇ ಇರುತ್ತವೆ, ಅವು ಹೇಳುವ ಸಮಯವಲಯ ಬೇರೆ ಅಷ್ಟೆ.

*ಐದೂವರೆ ಗಂಟೆ ಹಿಂದೆ* ಇದ್ದರೆ ಆ ಲಾಗ್ ಯುಟಿಸಿಯಲ್ಲಿದೆ. ಇದು ಎಲ್ಲಕ್ಕಿಂತ ಸಾಮಾನ್ಯ. ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸ್ ತಂತ್ರಾಂಶದ 5.7ನೇ ಆವೃತ್ತಿಯಿಂದ ಈಚೆಗೆ ಎರರ್ ಲಾಗ್ (ದೋಷಗಳದ್ದು), ಜನರಲ್ ಲಾಗ್ (ಬಂದ ಎಲ್ಲ ಆಜ್ಞೆಗಳದ್ದು), ಸ್ಲೋ ಲಾಗ್ (ನಿಧಾನವಾದ ಆಜ್ಞೆಗಳದ್ದು) ಕಡತಗಳಲ್ಲಿ ಸಮಯ ಬರೆಯುವುದು ತಾನಾಗಿಯೇ ಯುಟಿಸಿಯಲ್ಲಿ. ಯಂತ್ರದ ಗಡಿಯಾರ ಭಾರತದ ಸಮಯ ತೋರಿಸುತ್ತಿದ್ದರೂ ಅದು ಬದಲಾಗುವುದಿಲ್ಲ. ದಿನಾಂಕ ಮತ್ತು ಸಮಯದ ನಡುವೆ ಟಿ ಅಕ್ಷರ, ಸೆಕೆಂಡಿನ ನಂತರ ಆರು ಅಂಕೆ, ಕೊನೆಗೆ ಝಡ್ ಇದ್ದರೆ ಅದು ಈ ಬಗೆಯದು. ಡಾಕರ್ ಕಂಟೇನರಿನಲ್ಲಿ (ಯಂತ್ರದೊಳಗೆ ಪ್ರತ್ಯೇಕವಾಗಿ ಕಟ್ಟಿಟ್ಟ ಆವರಣದಲ್ಲಿ) ಓಡುವ ಡೇಟಾಬೇಸೂ ಬೇರೆ ಹೇಳದಿದ್ದರೆ ಸಾಮಾನ್ಯವಾಗಿ ಯುಟಿಸಿಯಲ್ಲೇ ಇರುತ್ತದೆ, ಹೊರಗಿನ ಯಂತ್ರ ಯಾವ ವಲಯದಲ್ಲಿದ್ದರೂ. ಎಸ್‌ಕ್ಯೂಲೈಟ್ ಎಂಬ ಪುಟ್ಟ ಡೇಟಾಬೇಸ್ ಬಳಸುವ ಸಣ್ಣ ಮೊಬೈಲ್ ಆ್ಯಪ್‌ಗಳಲ್ಲಿ, ಈಗಿನ ಹೊತ್ತು ಕೇಳುವ ಕರೆಂಟ್_ಟೈಮ್‌ಸ್ಟ್ಯಾಂಪ್ ಕೊಡುವುದು ಕೂಡ ಯುಟಿಸಿಯೇ. ಆದರೆ ಅಲ್ಲಿ ಝಡ್ ಗುರುತಾಗಲಿ, ವಲಯದ ಹೆಸರಾಗಲಿ ಇರುವುದಿಲ್ಲ. ಹಾಗಾಗಿ ಅದು ಹೆಚ್ಚು ಮೋಸ ಮಾಡುತ್ತದೆ.

ಆ ಸಂಘದಲ್ಲಿ ಎಲ್ಲರೂ ನನ್ನೊಡನೆ ವಾದಿಸಿದ ಒಂದು ವಿಷಯವಿದೆ. "ಎರಡೂ ಕಡೆ ಮೈಎಸ್‌ಕ್ಯೂಎಲ್ಲೇ ಅಲ್ಲವಾ, ಮತ್ತೆ ವಿಂಡೋಸಿನಲ್ಲಿ ಒಂದು ರೀತಿ, ಲಿನಕ್ಸಿನಲ್ಲಿ ಇನ್ನೊಂದು ರೀತಿ ಯಾಕೆ?" ಕೌಂಟರಿನ ವಿಂಡೋಸ್ ಯಂತ್ರದಲ್ಲಿ ಇದ್ದದ್ದು ಎಕ್ಸ್‌ಎಎಂಪಿಪಿ, ವೆಬ್ ಸರ್ವರ್ ಮತ್ತು ಡೇಟಾಬೇಸನ್ನು ಒಟ್ಟಿಗೆ ಹಾಕಿಕೊಡುವ ತಂತ್ರಾಂಶದ ಕಟ್ಟು. ಅದರ ನಿಯಂತ್ರಣ ಫಲಕದಲ್ಲಿ ಮೈಎಸ್‌ಕ್ಯೂಎಲ್ ಎಂದೇ ಬರೆದಿರುತ್ತದೆ, ಒಳಗೆ ಇರುವುದು ಮೈಎಸ್‌ಕ್ಯೂಎಲ್‌ನಿಂದ ಕವಲೊಡೆದ ಮಾರಿಯಾಡಿಬಿ. ಮಾರಿಯಾಡಿಬಿ ತನ್ನ ಎರರ್ ಲಾಗ್ ಬರೆಯುವುದು ಯಂತ್ರದ ಸ್ಥಳೀಯ ಸಮಯದಲ್ಲಿ, ವಲಯದ ಗುರುತಿಲ್ಲದೆ, ಸೆಕೆಂಡಿನ ಭಾಗಗಳೂ ಇಲ್ಲದೆ. ಹಿಂದಿನ ಕೋಣೆಯ ಲಿನಕ್ಸ್ ಸರ್ವರಿನಲ್ಲಿದ್ದದ್ದು ನಿಜವಾದ ಮೈಎಸ್‌ಕ್ಯೂಎಲ್ 8. ಬೈಗುಳ ತಿಂದದ್ದು ಆಪರೇಟಿಂಗ್ ಸಿಸ್ಟಮ್, ವ್ಯತ್ಯಾಸ ಇದ್ದದ್ದು ಡೇಟಾಬೇಸಿನಲ್ಲಿ. ಸೆಲೆಕ್ಟ್ ವರ್ಶನ್ ಎಂದು ಕೇಳಿದರೆ ಬರುವ ಉತ್ತರದಲ್ಲಿ ಮಾರಿಯಾಡಿಬಿ ಎಂಬ ಪದ ಇದೆಯೇ ಎಂದು ಮೊದಲು ನೋಡಿ. ಅರ್ಧ ನಿಮಿಷದ ಕೆಲಸ.

*ಐದೂವರೆ ಗಂಟೆ ಮುಂದೆ* ಇದ್ದರೆ ಕಥೆ ಬೇರೆ. ಲಾಗ್ ಸ್ಥಳೀಯ ಸಮಯದಲ್ಲೇ ಇದೆ, ವಲಯದ ಗುರುತಿಲ್ಲ. ಅದನ್ನು ಓದುವ ತಂತ್ರಾಂಶ ಯುಟಿಸಿ ಎಂದು ತಿಳಿದು, ನಿಮಗೆ ತೋರಿಸುವಾಗ ಇನ್ನೊಮ್ಮೆ ಐದೂವರೆ ಗಂಟೆ ಕೂಡಿಸಿದೆ. ತಿದ್ದಬೇಕಾದದ್ದು ಓದುವ ಕಡೆ. ಡೇಟಾಬೇಸನ್ನು ಮುಟ್ಟುವ ಅಗತ್ಯವಿಲ್ಲ.

*ಒಂದೂವರೆ ಅಥವಾ ಎರಡೂವರೆ ಗಂಟೆ ಹಿಂದೆ.* ನಮ್ಮ ಜಿಲ್ಲೆಯಲ್ಲಿ ಇದನ್ನು ಕಂಡಾಗ ನಾನು ಕೇಳುವ ಮೊದಲ ಪ್ರಶ್ನೆ: ಈ ಲ್ಯಾಪ್‌ಟಾಪ್ ಎಲ್ಲಿಂದ ಬಂತು? ಕಾಸರಗೋಡಿನಲ್ಲಿ ಕೊಲ್ಲಿಯ ನಂಟು ಇಲ್ಲದ ಬೀದಿ ಇಲ್ಲ. ದುಬೈಯಿಂದ ತಂದ ಯಂತ್ರ ಯುಟಿಸಿಗಿಂತ 4 ಗಂಟೆ ಮುಂದೆ, ಅಂದರೆ ನಮಗಿಂತ ಒಂದೂವರೆ ಗಂಟೆ ಹಿಂದೆ ಇರುತ್ತದೆ. ಸೌದಿ, ಕತಾರ್, ಕುವೈತ್, ಬಹರೈನ್‌ನಿಂದ ಬಂದದ್ದಾದರೆ ಎರಡೂವರೆ ಗಂಟೆ ಹಿಂದೆ. ತಂದವರು ಕೆಲವೊಮ್ಮೆ ವಲಯ ಬದಲಿಸದೆ, ಮೂಲೆಯ ಗಡಿಯಾರವನ್ನಷ್ಟೇ ಮುಂದಕ್ಕೆ ತಿರುಗಿಸಿರುತ್ತಾರೆ. ಇದು ಇನ್ನೂ ಕೆಟ್ಟದ್ದು. ಪರದೆಯ ಮೇಲೆ ಹೊತ್ತು ಸರಿ ಕಾಣುತ್ತದೆ, ಒಳಗಿನ ಯುಟಿಸಿ ತಪ್ಪಿರುತ್ತದೆ, ಯುಟಿಸಿಯಲ್ಲಿ ಬರೆಯುವ ಲಾಗ್ ಮಾತ್ರ ಹಾಳಾಗುತ್ತದೆ. ವಿಂಡೋಸಿನ ಕಮಾಂಡ್ ಪ್ರಾಂಪ್ಟಿನಲ್ಲಿ ಟಿಝಡ್‌ಯುಟಿಲ್ ಸ್ಲ್ಯಾಶ್ ಜಿ ಎಂದು ಹೊಡೆದರೆ ಈಗಿನ ವಲಯದ ಹೆಸರು ಬರುತ್ತದೆ. 'ಇಂಡಿಯಾ ಸ್ಟ್ಯಾಂಡರ್ಡ್ ಟೈಮ್' ಬರಬೇಕು. 'ಅರೇಬಿಯನ್ ಸ್ಟ್ಯಾಂಡರ್ಡ್ ಟೈಮ್' ಎಂದರೆ ಅಬುಧಾಬಿ, ಮಸ್ಕತ್. 'ಅರಬ್ ಸ್ಟ್ಯಾಂಡರ್ಡ್ ಟೈಮ್' ಎಂದರೆ ಕುವೈತ್, ರಿಯಾದ್. ಹೆಸರು ಒಂದೇ ತರ ಇದ್ದರೂ ನಡುವೆ ಒಂದು ಗಂಟೆಯ ಅಂತರವಿದೆ.

*ಹನ್ನೆರಡೂವರೆ ಅಥವಾ ಹದಿಮೂರೂವರೆ ಗಂಟೆ ಹಿಂದೆ* ಇದ್ದರೆ ಯಂತ್ರ ಅಮೆರಿಕದ ಪಶ್ಚಿಮ ಕರಾವಳಿಯ ಸಮಯದಲ್ಲಿದೆ. ವಿಂಡೋಸನ್ನು ಹೊಸದಾಗಿ ಹಾಕಿ ವಲಯ ಬದಲಿಸಲು ಮರೆತಲ್ಲಿ ಹೀಗಾಗುತ್ತದೆ. ಅಲ್ಲಿ ಬೇಸಗೆಗೆ ಗಡಿಯಾರ ಒಂದು ಗಂಟೆ ಮುಂದೆ ಹೋಗುವುದರಿಂದ ವರ್ಷದಲ್ಲಿ ಎರಡು ಬಾರಿ ವ್ಯತ್ಯಾಸ ತಾನಾಗಿ ಬದಲಾಗುತ್ತದೆ. ಮಾರ್ಚಿನಲ್ಲೋ ನವೆಂಬರಿನಲ್ಲೋ ಏಕಾಏಕಿ ಒಂದು ಗಂಟೆ ಜಾರಿತೆಂದರೆ ಇದೇ ಕಾರಣ. ಭಾರತದ ಸಮಯದಲ್ಲಿ ಇಂಥ ಏರಿಳಿತ ಇಲ್ಲ.

*ಸರಿಯಾಗಿ ಹನ್ನೆರಡು ಗಂಟೆ*, ಅದೂ ಮಧ್ಯಾಹ್ನದ ನಂತರದ ಸಾಲುಗಳಲ್ಲಿ ಮಾತ್ರ: ಎಎಂ ಪಿಎಂ ಕಳೆದುಹೋಗಿದೆ. ಪ್ರೋಗ್ರಾಮಿನಲ್ಲಿ ಗಂಟೆಯ ರೂಪಕ್ಕೆ 24 ಗಂಟೆಯ ಲೆಕ್ಕದ ದೊಡ್ಡ ಎಚ್‌ಎಚ್ (HH) ಬದಲು 12 ಗಂಟೆಯ ಲೆಕ್ಕದ ಸಣ್ಣ ಎಚ್‌ಎಚ್ (hh) ಬರೆದಿದ್ದಾರೆ. ತಂತ್ರಾಂಶ ಬರೆದವರಿಗೆ ಹೇಳಿ. ನೀವು ಕೂಡಿಸಿ ಕಳೆದು ಸರಿಮಾಡಬಹುದಾದದ್ದು ಇದಲ್ಲ.

ಲಕ್ಷಣ: ಲಾಗ್‌ನಲ್ಲಿ ಸರಿ ಇದೆ, ಟೇಬಲಿಗೆ ತುಂಬಿದ ಮೇಲೆ ಮೂರೂವರೆ ಗಂಟೆ ಮುಂದೆ

ಇದನ್ನು ಬೇರೆ ಭಾಗವಾಗಿಯೇ ಹೇಳಬೇಕು, ಏಕೆಂದರೆ ಇದರಷ್ಟು ನನ್ನನ್ನು ಸುತ್ತಿಸಿದ್ದು ಬೇರೆ ಯಾವುದೂ ಇಲ್ಲ.

ಪೋಸ್ಟ್‌ಗ್ರೆಸ್ ಎಂಬ ಇನ್ನೊಂದು ಡೇಟಾಬೇಸ್ ತನ್ನ ಲಾಗ್‌ನಲ್ಲಿ ಸಮಯದ ಜೊತೆ ವಲಯದ ಸಂಕ್ಷಿಪ್ತ ಹೆಸರು ಬರೆಯುತ್ತದೆ: 2024-12-10 10:00:00.000 ಐಎಸ್‌ಟಿ, ಹೀಗೆ. ನಮಗೆ ಐಎಸ್‌ಟಿ ಎಂದರೆ ಭಾರತೀಯ ಸಮಯ. ಐರ್ಲೆಂಡಿನವರಿಗೆ ಅವರದು, ಇಸ್ರೇಲಿನವರಿಗೆ ಅವರದು. ಆ ಲಾಗ್ ಅನ್ನು ಸಿಎಸ್‌ವಿಯಾಗಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಪಠ್ಯ ಕಡತವಾಗಿ) ತೆಗೆದು ಪೋಸ್ಟ್‌ಗ್ರೆಸ್‌ನ ಟೇಬಲಿಗೇ ತುಂಬಿದಾಗ, 18ನೇ ಆವೃತ್ತಿಗಿಂತ ಹಿಂದಿನವು ತಮ್ಮ ಮೂಲಪಟ್ಟಿಯನ್ನು ನೋಡುತ್ತವೆ. ಆ ಪಟ್ಟಿಯಲ್ಲಿ ಐಎಸ್‌ಟಿ ಎಂದರೆ ಇಸ್ರೇಲಿನ ಸಮಯ, ಯುಟಿಸಿಗಿಂತ 2 ಗಂಟೆ ಮುಂದೆ. ಹತ್ತು ಗಂಟೆಯ ಸಾಲು ಹೀಗೆ ಮಧ್ಯಾಹ್ನ ಒಂದೂವರೆಗೆ ಹೋಗಿ ಕೂರುತ್ತದೆ. ತಾನೇ ಬರೆದದ್ದನ್ನು ತಾನೇ ತಪ್ಪಾಗಿ ಓದುತ್ತದೆ!

ಪರಿಹಾರ ಸುಲಭ. ಟೈಮ್‌ಜೋನ್_ಅಬ್ರೀವಿಯೇಶನ್ಸ್ ಎಂಬ ಸೆಟ್ಟಿಂಗನ್ನು 'ಇಂಡಿಯಾ' ಎಂದು ಮಾಡಿ ಮತ್ತೆ ತುಂಬಿ. ಆ ಹೆಸರಿನ ಪಟ್ಟಿ ಪೋಸ್ಟ್‌ಗ್ರೆಸ್ ಜೊತೆಗೇ ಬರುತ್ತದೆ. ನಾನು ಇದಕ್ಕಿಂತ ಇಷ್ಟಪಡುವುದು ಬೇರೆ ದಾರಿ: ಲಾಗ್_ಟೈಮ್‌ಜೋನ್ ಅನ್ನು ಯುಟಿಸಿ ಮಾಡಿಬಿಡುವುದು. ಆಗ ಸಾಲಿನಲ್ಲಿ ಐಎಸ್‌ಟಿ ಎಂಬ ಪದವೇ ಬರುವುದಿಲ್ಲ.

ಲಕ್ಷಣ: ರಾತ್ರಿಯ ಕೆಲಸ ಹಿಂದಿನ ದಿನದ ಕಡತದಲ್ಲಿ ಸಿಗುತ್ತದೆ

ರಾತ್ರಿ ಎರಡು ಗಂಟೆಗೆ ಬ್ಯಾಕಪ್ ಆಗುವಂತೆ ಇಟ್ಟಿದ್ದೀರಿ. ಬೆಳಗ್ಗೆ ಬಂದು ಇವತ್ತಿನ ತಾರೀಕಿನ ಲಾಗ್ ಹುಡುಕಿದರೆ ಬ್ಯಾಕಪ್ಪಿನ ಸುಳಿವಿಲ್ಲ. ಬ್ಯಾಕಪ್ ಆಗಿಲ್ಲ ಎಂದು ಗಾಬರಿಯಾಗಬೇಡಿ. ಯುಟಿಸಿಯಲ್ಲಿ ದಿನ ಬದಲಾಗುವುದು ನಮ್ಮ ಬೆಳಗ್ಗೆ 5:30ಕ್ಕೆ. ಅದಕ್ಕೆ ಮೊದಲಿನದೆಲ್ಲ ನಿನ್ನೆಯ ತಾರೀಕಿನಲ್ಲಿ ಇರುತ್ತದೆ, ಎರಡು ಗಂಟೆಯ ಬ್ಯಾಕಪ್ 20:30ರ ಹತ್ತಿರ. ನಿನ್ನೆಯ ಕಡತದ ಕೊನೆಯ ಭಾಗ ನೋಡಿ. ಅಲ್ಲಿಯೂ ಇಲ್ಲದಿದ್ದರೆ ಮಾತ್ರ ಬ್ಯಾಕಪ್ ನಿಜವಾಗಿ ತಪ್ಪಿದೆ ಎನ್ನಬಹುದು.

ಲಕ್ಷಣ: ಬೆಳಗ್ಗೆ ತಪ್ಪು, ಹತ್ತು ಗಂಟೆ ದಾಟಿದ ಮೇಲೆ ಸರಿ

ವರದಿ ತೆಗೆಯುವ ಸ್ಕ್ರಿಪ್ಟ್ ಬೆಳಗ್ಗಿನ ಸಾಲುಗಳಲ್ಲಿ ಎಡವುತ್ತದೆ, ನೀವು ಹನ್ನೊಂದಕ್ಕೆ ಹೋಗಿ ನೋಡಿದರೆ ಎಲ್ಲ ಸರಿಯಾಗಿರುತ್ತದೆ. ಇಂಥ ದೋಷದ ಬೆನ್ನು ಹತ್ತಿ ಒಂದು ವಾರ ಕಳೆದವರಿದ್ದಾರೆ.

ಕಾರಣ ಒಂದು ಖಾಲಿ ಜಾಗ. ಮಾರಿಯಾಡಿಬಿಯ ಎರರ್ ಲಾಗ್‌ನಲ್ಲಿ ಒಂಬತ್ತು ಗಂಟೆಯನ್ನು 09 ಎಂದು ಬರೆಯುವುದಿಲ್ಲ, 9ರ ಹಿಂದೆ ಒಂದು ಖಾಲಿ ಜಾಗ ಬಿಡುತ್ತದೆ. ದಿನಾಂಕದ ನಂತರ ಹೀಗೆ ಎರಡು ಖಾಲಿ ಜಾಗ ಬರುತ್ತವೆ. ಖಾಲಿ ಜಾಗವನ್ನು ಕಂಡಲ್ಲೆಲ್ಲ ಕತ್ತರಿಸುವ ಸ್ಕ್ರಿಪ್ಟಿಗೆ ಆಗ ಒಂದು ಕಂಬಸಾಲು ಹೆಚ್ಚು ಸಿಗುತ್ತದೆ. ಹತ್ತು ಗಂಟೆಯಿಂದ ಎರಡಂಕೆ, ಆದ್ದರಿಂದ ಸರಿ. ವಿಂಡೋಸಿನ ಬ್ಯಾಚ್ ಕಡತಗಳಲ್ಲಿ (ಆಜ್ಞೆಗಳನ್ನು ಸಾಲಾಗಿ ಬರೆದಿಟ್ಟ ಕಡತಗಳಲ್ಲಿ) ಟೈಮ್ ಎಂಬ ಚರದ (ವೇರಿಯಬಲ್) ಗುಣವೂ ಇದೇ. ಅದರಿಂದ ಬ್ಯಾಕಪ್ ಕಡತಕ್ಕೆ ಹೆಸರು ಕಟ್ಟಿದರೆ ಬೆಳಗ್ಗಿನ ಬ್ಯಾಕಪ್ಪಿನ ಹೆಸರಿನ ನಡುವೆ ಖಾಲಿ ಜಾಗ ಬಂದು ಆಜ್ಞೆ ಮುರಿಯುತ್ತದೆ. ಅದೇ ಬ್ಯಾಚ್ ಕಡತದ ಡೇಟ್ ಎಂಬ ಚರವೋ, ಆ ಯಂತ್ರದ ಪ್ರಾದೇಶಿಕ ಸೆಟ್ಟಿಂಗ್ ಹೇಗಿದೆಯೋ ಹಾಗೆ. ಒಂದು ಯಂತ್ರದಲ್ಲಿ ದಿನ ಮೊದಲು, ಇನ್ನೊಂದರಲ್ಲಿ ತಿಂಗಳು ಮೊದಲು. ವಿಂಡೋಸಿನಲ್ಲೇ ಇರುವ ಪವರ್‌ಶೆಲ್‌ನ ಗೆಟ್-ಡೇಟ್ ಆಜ್ಞೆ ಬಳಸಿ ವರ್ಷ, ತಿಂಗಳು, ದಿನ ಎಂಬ ಕ್ರಮವನ್ನು ನೀವೇ ಹೇಳಿಕೊಡಿ, ಈ ತಾಪತ್ರಯ ಇರುವುದಿಲ್ಲ.

ಇದರ ಜೊತೆಗೇ ಬರುವ ಇನ್ನೊಂದು: ಲಿನಕ್ಸಿನಲ್ಲಿ ಕಡತದ ಹೆಸರಿಗೆ 10:15:32 ಎಂದು ಸೇರಿಸಿದರೆ ಏನೂ ತೊಂದರೆಯಿಲ್ಲ. ವಿಂಡೋಸ್ ಕಡತದ ಹೆಸರಿನಲ್ಲಿ ಕೋಲನ್ (:) ಗುರುತನ್ನು ಒಪ್ಪುವುದಿಲ್ಲ, ಪ್ರತಿ ಮಾಡುವಾಗ ತಕರಾರು ತೆಗೆಯುತ್ತದೆ. ಹೆಸರಿನಲ್ಲಿ 101532 ಎಂದೇ ಬರೆಯಿರಿ.

ಲಕ್ಷಣ: ಏಪ್ರಿಲ್ ತಿಂಗಳ ಸಾಲು ಮಾರ್ಚಿಗೆ ಹೋಗಿದೆ, ಆದರೆ 13ನೇ ತಾರೀಕಿನಿಂದ ಈಚಿನದು ಸರಿ

03/04/2024 ನಮಗೆ ಏಪ್ರಿಲ್ 3. ಅಮೆರಿಕದ ಸೆಟ್ಟಿಂಗಿನ ಯಂತ್ರಕ್ಕೆ ಮಾರ್ಚ್ 4. ಹದಿಮೂರನೇ ತಿಂಗಳು ಇಲ್ಲದ ಕಾರಣ 13ರಿಂದ ಮುಂದಿನ ತಾರೀಕುಗಳನ್ನು ಅದು ತಿರುಗಿಸಲಾರದು. ಆದ್ದರಿಂದ ತಿಂಗಳ ಮೊದಲ 12 ದಿನ ಮಾತ್ರ ಕೆಡುತ್ತದೆ. ಗುರುತಿಸಲು ಒಂದು ಒಳ್ಳೆಯ ಉಪಾಯವಿದೆ: ಸಿಎಸ್‌ವಿಯನ್ನು ಎಕ್ಸೆಲ್‌ನಲ್ಲಿ ತೆರೆದಾಗ ದಿನಾಂಕದ ಕಂಬಸಾಲಿನಲ್ಲಿ ಕೆಲವು ಕೋಶಗಳು ಬಲಕ್ಕೂ ಕೆಲವು ಎಡಕ್ಕೂ ಒತ್ತಿಕೊಂಡಿವೆಯೇ ನೋಡಿ. ಬಲಕ್ಕಿರುವವನ್ನು ಎಕ್ಸೆಲ್ ದಿನಾಂಕವೆಂದು ಓದಿದೆ, ತಪ್ಪಾಗಿ ಓದಿರಬಹುದು. ಎಡಕ್ಕಿರುವವನ್ನು ಓದಲಾಗದೆ ಬರೀ ಪಠ್ಯವಾಗಿ ಬಿಟ್ಟಿದೆ.

ಈಗ ಸೇವ್ ಒತ್ತಿದರೆ ತಿರುಗಿಹೋದ ತಾರೀಕುಗಳೇ ಕಡತದಲ್ಲಿ ಉಳಿಯುತ್ತವೆ. ಮೂಲ ಕಡತವನ್ನು ಎಕ್ಸೆಲ್‌ನಲ್ಲಿ ಸೇವ್ ಮಾಡಬೇಡಿ ಎಂದು ಮೊದಲೇ ಹೇಳಿದ್ದು ಇದಕ್ಕೆ. ದತ್ತಾಂಶವನ್ನು ಆಮದು ಮಾಡಿಕೊಳ್ಳುವ ಮೆನುವಿನಿಂದ ತಂದು, ಆ ಕಂಬಸಾಲು ಪಠ್ಯ ಎಂದು ಹೇಳಿ ತೆರೆಯಿರಿ.

ಮ್ಯಾಕ್ ಬಳಸುವ ಲೆಕ್ಕಿಗರಿದ್ದರೆ ಇನ್ನೊಂದು ಸಾಧ್ಯತೆ ನೆನಪಿಡಿ. ಎಲ್ಲ ದಿನಾಂಕಗಳೂ ನಾಲ್ಕು ವರ್ಷ ಒಂದು ದಿನ ಸರಿದಿದ್ದರೆ, ಅಂದರೆ 1462 ದಿನ, ಹಳೆಯ ಮ್ಯಾಕ್ ಎಕ್ಸೆಲ್‌ನ 1904ರಿಂದ ಎಣಿಸುವ ಪದ್ಧತಿ ಮತ್ತು ವಿಂಡೋಸಿನ 1900ರ ಪದ್ಧತಿ ಬೆರೆತಿವೆ. ಇಲ್ಲಿಯೂ ಪ್ರಶ್ನೆ ಎಲ್ಲಿಂದ ಎಣಿಸಿದ್ದು ಎಂಬುದೇ.

ಲಕ್ಷಣ: ತಾರೀಕಿನ ಬದಲು ಉದ್ದ ಸಂಖ್ಯೆ, ಅಥವಾ 1970

ಹತ್ತಂಕೆಯ ಸಂಖ್ಯೆ ಇದ್ದರೆ ಅದು 1970 ಜನವರಿ 1ರ ಯುಟಿಸಿ ನಡುರಾತ್ರಿಯಿಂದ ಎಣಿಸಿದ ಸೆಕೆಂಡುಗಳು. ಹದಿಮೂರಂಕೆ ಇದ್ದರೆ ಮಿಲಿಸೆಕೆಂಡುಗಳು. ಹದಿನೆಂಟು ಅಂಕೆ ಇದ್ದರೆ ಬಹುತೇಕ ವಿಂಡೋಸಿನ ಫೈಲ್‌ಟೈಮ್: ಅದು 1601 ಜನವರಿ 1ರಿಂದ, ಸೆಕೆಂಡಿನ ಒಂದು ಕೋಟಿಯಲ್ಲಿ ಒಂದು ಭಾಗದ ಲೆಕ್ಕದಲ್ಲಿ ಎಣಿಸುತ್ತದೆ.

ಕೈಯಲ್ಲಿ ಒಂದು ಉದಾಹರಣೆ ಇರಲಿ. 1700000000 ಎಂದರೆ ಯುಟಿಸಿಯಲ್ಲಿ 2023 ನವೆಂಬರ್ 14, 22:13:20. ನಮ್ಮಲ್ಲಿ ನವೆಂಬರ್ 15, ಬೆಳಗಿನ ಜಾವ 3:43:20. ಇದನ್ನೇ ಮಿಲಿಸೆಕೆಂಡು ಎಂದು ತಪ್ಪಾಗಿ ಓದಿದರೆ 1970ರ ಜನವರಿ 20 ಬರುತ್ತದೆ. ಎಲ್ಲ ಸಾಲುಗಳೂ 1970ರ ಜನವರಿಯ ಮೂರನೇ ವಾರದಲ್ಲಿ ಗುಂಪಾಗಿದ್ದರೆ ಇದೇ ತಪ್ಪು. ತದ್ವಿರುದ್ಧ ತಪ್ಪಾದರೆ ಐವತ್ತು ಸಾವಿರದಾಚೆಯ ವರ್ಷ ಕಾಣಿಸುತ್ತದೆ. ಸರಿಯಾಗಿ 1970 ಜನವರಿ 1, ಬೆಳಗ್ಗೆ 5:30 ಎಂದಿದ್ದರೆ ಅಲ್ಲಿ ಸಮಯವೇ ಇರಲಿಲ್ಲ, ಸೊನ್ನೆ ಇತ್ತು.

ಲಕ್ಷಣ: ಕಣ್ಣಿಗೆ ಸರಿ ಕಾಣುತ್ತದೆ, ಯಂತ್ರ ಓದುವುದಿಲ್ಲ

ಮೊದಲ ಸಾಲು ಮಾತ್ರ ಓದಲಾಗದಿದ್ದರೆ ಕಡತದ ತಲೆಯಲ್ಲಿ ಅಕ್ಷರಗಳನ್ನು ಯಾವ ಬಗೆಯಲ್ಲಿ ಇಟ್ಟಿದೆ ಎಂದು ಹೇಳುವ, ಕಣ್ಣಿಗೆ ಕಾಣದ ಬಿಒಎಂ ಗುರುತು ಇದೆ. ವಿಂಡೋಸಿನ ಕೆಲವು ಸಂಪಾದಕಗಳು ಸೇವ್ ಮಾಡುವಾಗ ಸೇರಿಸುತ್ತವೆ. ಒಂದು ಸಾಲೂ ಓದಲಾಗದಿದ್ದರೆ ಕಡತ ಯುಟಿಎಫ್-16 ಎಂಬ ಬೇರೆ ಅಕ್ಷರ ಸಂಕೇತದಲ್ಲಿರಬಹುದು: ಮೈಕ್ರೋಸಾಫ್ಟಿನ ಡೇಟಾಬೇಸ್ ಆದ ಎಸ್‌ಕ್ಯೂಎಲ್ ಸರ್ವರಿನ ಎರರ್‌ಲಾಗ್ ವಿಂಡೋಸಿನಲ್ಲಿ ಹಾಗೆಯೇ ಇರುತ್ತದೆ, ಹಳೆಯ ಪವರ್‌ಶೆಲ್ 5.1ರಲ್ಲಿ ಬಾಣದ ಗುರುತಿನಿಂದ ಕಡತಕ್ಕೆ ಬರೆಸಿದ್ದೂ ಹಾಗೆಯೇ. ಸಮಯ ಸಾಲಿನ ಕೊನೆಯಲ್ಲಿದ್ದು ಅದು ಮಾತ್ರ ತಿರಸ್ಕಾರವಾಗುತ್ತಿದ್ದರೆ ವಿಂಡೋಸಿನ ಸಾಲುಕೊನೆಯ ಅಡಗಿದ ಅಕ್ಷರ ಅಂಟಿಕೊಂಡಿದೆ. ಲಿನಕ್ಸಿನ ಫೈಲ್ ಎಂಬ ಆಜ್ಞೆಗೆ ಕಡತದ ಹೆಸರು ಕೊಟ್ಟರೆ ಈ ಮೂರನ್ನೂ ಹೇಳಿಬಿಡುತ್ತದೆ.

ಲಕ್ಷಣ: ವ್ಯತ್ಯಾಸ ದಿನದಿನ ಬೆಳೆಯುತ್ತಿದೆ, ಅಥವಾ ಕರೆಂಟು ಹೋಗಿ ಬಂದ ಮೇಲೆ ಕೆಡುತ್ತದೆ

ಸೋಮವಾರ ಎರಡು ನಿಮಿಷ, ಶನಿವಾರ ಮೂರು ನಿಮಿಷ. ಇದು ವಲಯದ ತೊಂದರೆಯಲ್ಲ, ಗಡಿಯಾರವೇ ಜಾರುತ್ತಿದೆ. ಲಿನಕ್ಸಿನಲ್ಲಿ ಟೈಮ್‌ಡೇಟ್‌ಸಿಟಿಎಲ್ ಹೊಡೆದು ಗಡಿಯಾರ ಸಮನ್ವಯವಾಗಿದೆಯೇ ಎಂಬ ಸಾಲು ನೋಡಿ. ವಿಂಡೋಸಿನಲ್ಲಿ ಡಬ್ಲ್ಯು32ಟಿಎಂ ಆಜ್ಞೆಗೆ ಸ್ಲ್ಯಾಶ್ ಕ್ವೆರಿ ಸ್ಲ್ಯಾಶ್ ಸ್ಟೇಟಸ್ ಸೇರಿಸಿದರೆ ಕೊನೆಯ ಬಾರಿ ಯಾವಾಗ, ಯಾರಿಂದ ಸಮಯ ಪಡೆಯಿತು ಎಂದು ಬರುತ್ತದೆ. ಸಮನ್ವಯ ಆಗುತ್ತಿಲ್ಲವಾದರೆ ಮೋಡೆಮಿನಲ್ಲೋ ಫೈರ್‌ವಾಲಿನಲ್ಲೋ ಸಮಯ ಬರುವ ದಾರಿಯಾದ ಯುಡಿಪಿ 123ನೇ ಪೋರ್ಟ್ ಮುಚ್ಚಿರುವ ಸಂಭವ ಹೆಚ್ಚು. ಭಾರತದ ಸಮಯವನ್ನು ಕಾಯುವುದು ದೆಹಲಿಯ ರಾಷ್ಟ್ರೀಯ ಭೌತಿಕ ಪ್ರಯೋಗಾಲಯ, ಎನ್‌ಪಿಎಲ್. ನೆಟ್‌ವರ್ಕಿನಲ್ಲಿ ಸಮಯ ಹಂಚುವ ಅವರ ಎನ್‌ಟಿಪಿ ಸರ್ವರನ್ನೇ ಎಲ್ಲ ಯಂತ್ರಗಳಿಗೂ ಕೊಡಬಹುದು. ಕಂಪನಿಗಳು, ಸರಕಾರಿ ಕಚೇರಿಗಳು, ಡೇಟಾ ಸೆಂಟರ್‌ಗಳು ಎನ್‌ಐಸಿ (ಸರಕಾರದ ರಾಷ್ಟ್ರೀಯ ಮಾಹಿತಿ ಕೇಂದ್ರ) ಅಥವಾ ಎನ್‌ಪಿಎಲ್ ಸಮಯಕ್ಕೆ ಹೊಂದಿಕೊಳ್ಳಬೇಕು, 180 ದಿನಗಳ ಲಾಗ್ ಉಳಿಸಿಕೊಳ್ಳಬೇಕು ಎಂದು 2022ರ ಏಪ್ರಿಲ್ 28ರಂದು ಕೇಂದ್ರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ ನಿರ್ದೇಶನ ಕೊಟ್ಟಿದೆ.

ನಮ್ಮ ಆಟಿ ತಿಂಗಳ ಮಳೆಯಲ್ಲಿ ಕರೆಂಟು ಹೋಗುವುದು, ಬರುವುದು ನಡೆದೇ ಇರುತ್ತದೆ. ಪ್ರತಿ ಸಲ ಯಂತ್ರ ಹೊತ್ತಿದಾಗ ತಾರೀಕು ಹಳೆಯ ವರ್ಷಕ್ಕೆ ಹೋಗುತ್ತಿದ್ದರೆ ಮದರ್‌ಬೋರ್ಡಿನ ಸಣ್ಣ ಸೆಲ್ ಮುಗಿದಿದೆ. ಹೆಚ್ಚಿನ ಡೆಸ್ಕ್‌ಟಾಪ್‌ಗಳಲ್ಲಿ ಇರುವುದು ಸಿಆರ್2032. ಯಂತ್ರವನ್ನು ಆರಿಸಿ, ಗೋಡೆಯ ಪ್ಲಗ್ಗು ಎಳೆದು, ಆಮೇಲೆ ಪೆಟ್ಟಿಗೆ ತೆರೆಯಿರಿ. ಯುಪಿಎಸ್‌ಗೆ ಜೋಡಿಸಿದ್ದರೆ ಅದರಿಂದಲೂ ಕಳಚಿ, ಯುಪಿಎಸ್ ಇದೆ ಎಂಬುದನ್ನು ಮರೆಯುವವರೇ ಹೆಚ್ಚು. ತೆಗೆದ ಸೆಲ್ ಮಕ್ಕಳ ಕೈಗೆ ಸಿಗಬಾರದು, ನುಂಗಿದರೆ ಜೀವಕ್ಕೆ ಅಪಾಯ. ಪವರ್ ಸಪ್ಲೈ ಪೆಟ್ಟಿಗೆಯನ್ನು ಯಾವ ಕಾರಣಕ್ಕೂ ಬಿಚ್ಚಬೇಡಿ.

ಒಂದೇ ಯಂತ್ರದಲ್ಲಿ ವಿಂಡೋಸ್, ಲಿನಕ್ಸ್ ಎರಡೂ ಇದ್ದು, ಒಂದರಿಂದ ಇನ್ನೊಂದಕ್ಕೆ ಹೋದಾಗಲೆಲ್ಲ ಐದೂವರೆ ಗಂಟೆ ಹಾರಿದರೆ ಸೆಲ್ ಬದಲಿಸಬೇಡಿ. ಯಂತ್ರದ ಗಡಿಯಾರವನ್ನು ವಿಂಡೋಸ್ ಸ್ಥಳೀಯ ಸಮಯ ಎಂದು, ಲಿನಕ್ಸ್ ಯುಟಿಸಿ ಎಂದು ಭಾವಿಸುತ್ತದೆ. ಲಿನಕ್ಸ್ ಬಳಸಿದ ಮೇಲೆ ವಿಂಡೋಸ್ ಹಿಂದೆ ಬೀಳುತ್ತದೆ, ವಿಂಡೋಸ್ ಬಳಸಿದ ಮೇಲೆ ಲಿನಕ್ಸ್ ಮುಂದೆ ಓಡುತ್ತದೆ. ಡೇಟಾಬೇಸ್ ಇರುವ ಯಂತ್ರದಲ್ಲಿ ಎರಡು ವ್ಯವಸ್ಥೆ ಇಡುವುದೇ ಬೇಡ ಎಂಬುದು ನನ್ನ ಅಭಿಪ್ರಾಯ.

ಲಕ್ಷಣ: ವರ್ಷ ಮುಗಿಯುವಾಗ ಮಾತ್ರ

ಡಿಸೆಂಬರಿನ ಕೊನೆಯ ಎರಡು ಮೂರು ದಿನ ಬರುವ ವರ್ಷದ ಸಂಖ್ಯೆ ಬಿದ್ದಿದ್ದರೆ ಜಾವಾ ತಂತ್ರಾಂಶದಲ್ಲಿ ವರ್ಷಕ್ಕೆ ಸಣ್ಣ ವೈ ಬದಲು ದೊಡ್ಡ ವೈ ಬರೆದಿದ್ದಾರೆ. ದೊಡ್ಡದು ವಾರದ ಲೆಕ್ಕದ ವರ್ಷ. ಜನವರಿಯಲ್ಲಿ ಓದಿದಾಗ ಡಿಸೆಂಬರಿನ ಸಾಲುಗಳು ಹನ್ನೊಂದು ತಿಂಗಳು ಮುಂದೆ ಹೋದರೆ ಅದು ಲಿನಕ್ಸಿನ ಹಳೆಯ ಸಿಸ್‌ಲಾಗ್ ರೂಪ, ಅದರಲ್ಲಿ ವರ್ಷವನ್ನು ಬರೆಯುವುದೇ ಇಲ್ಲ.

ತಿದ್ದುವಾಗ

ನನ್ನ ಪದ್ಧತಿ ಹೀಗೆ: ಬರೆಯುವುದೆಲ್ಲ ಯುಟಿಸಿಯಲ್ಲಿ, ವಲಯದ ಗುರುತಿನೊಂದಿಗೆ, ಮನುಷ್ಯರಿಗೆ ತೋರಿಸುವಾಗ ಭಾರತದ ಸಮಯ. ಸಣ್ಣ ಸಂಘದಲ್ಲಿ ಕಾರ್ಯದರ್ಶಿಯೇ ಲಾಗ್ ಓದುವುದಾದರೆ ಎಲ್ಲವನ್ನೂ ಭಾರತದ ಸಮಯಕ್ಕೆ ತಂದರೂ ತಪ್ಪಿಲ್ಲ, ಆದರೆ ಪ್ಲಸ್ 05:30 ಎಂಬ ಬಾಲ ಸಾಲಿನಲ್ಲಿ ಇರಲೇಬೇಕು. ಮೈಎಸ್‌ಕ್ಯೂಎಲ್‌ನಲ್ಲಿ ಲಾಗ್_ಟೈಮ್‌ಸ್ಟ್ಯಾಂಪ್ಸ್ ಎಂಬುದನ್ನು ಸಿಸ್ಟಮ್ ಎಂದು ಮಾಡಿದರೆ ಅದು ಬರುತ್ತದೆ. ಸರ್ವರ್ ನಿಲ್ಲಿಸಬೇಕಾಗಿಲ್ಲ. ಪೋಸ್ಟ್‌ಗ್ರೆಸ್‌ನ ಲಾಗ್_ಟೈಮ್‌ಜೋನ್‌ಗೆ ಸೆಟ್ಟಿಂಗ್ ಮರುಓದಿಸಿದರೆ ಸಾಕು. ಒರಾಕಲ್‌ನಲ್ಲಿ 12.2ರಿಂದ ಅಲರ್ಟ್ ಲಾಗ್ ಬಾಲ ಸಮೇತವೇ ಬರುತ್ತದೆ. ಎಸ್‌ಕ್ಯೂಎಲ್ ಸರ್ವರಿನ ಸಾಲುಗಳಲ್ಲಿ ಬಾಲ ಇರುವುದಿಲ್ಲ, ಎರರ್‌ಲಾಗ್‌ನ ಆರಂಭದ ಸಾಲುಗಳಲ್ಲಿ ಯುಟಿಸಿ ಹೊಂದಾಣಿಕೆ 5:30 ಎಂದು ಒಮ್ಮೆ ಬರೆದಿರುತ್ತದೆ, ಅದನ್ನು ನೋಡಿಕೊಳ್ಳಿ.

ಎಚ್ಚರ: ಲಾಗ್‌ನ ವಲಯ ಬೇರೆ, ಡೇಟಾಬೇಸಿನ ವಲಯ ಬೇರೆ. ಮೈಎಸ್‌ಕ್ಯೂಎಲ್‌ನ ಟೈಮ್_ಜೋನ್ ಬದಲಿಸಿದರೆ ಟೈಮ್‌ಸ್ಟ್ಯಾಂಪ್ ಬಗೆಯ ಕಂಬಸಾಲುಗಳು ಬೇರೆ ಹೊತ್ತು ತೋರಿಸತೊಡಗುತ್ತವೆ, ಡೇಟ್‌ಟೈಮ್ ಬಗೆಯವು ಇದ್ದ ಹಾಗೇ ಇರುತ್ತವೆ. ಒಂದೇ ಟೇಬಲಿನೊಳಗೆ ಹೊಸ ಗೊಂದಲ ಹುಟ್ಟುತ್ತದೆ. ಓಡುತ್ತಿರುವ ಸರ್ವರಿನ ಗಡಿಯಾರವನ್ನು ಕೈಯಿಂದ ಹಿಂದಕ್ಕೆ ತಿರುಗಿಸಲೂ ಬೇಡಿ. ಒಂದೇ ಹೊತ್ತು ಎರಡು ಸಲ ಬರುತ್ತದೆ, ಒಮ್ಮೆ ಮುಗಿದ ರಾತ್ರಿಯ ಕೆಲಸ ಮತ್ತೆ ಓಡಬಹುದು. ಲಿನಕ್ಸಿನಲ್ಲಿ ಸಮಯ ಹೊಂದಿಸುವ ಕ್ರೋನಿ ಎಂಬ ತಂತ್ರಾಂಶ ಸಣ್ಣ ವ್ಯತ್ಯಾಸವನ್ನು ಗಡಿಯಾರದ ಓಟ ತುಸು ತಗ್ಗಿಸಿಯೋ ಹೆಚ್ಚಿಸಿಯೋ ಸರಿದೂಗಿಸುತ್ತದೆ, ಅದಕ್ಕೇ ಬಿಡಿ.

ಹಳೆಯ ಸಾಲುಗಳನ್ನು ತಿದ್ದಬಾರದು. ಯಾವ ದಿನ, ಎಷ್ಟು ಹೊತ್ತಿಗೆ, ಯಾವ ಸೆಟ್ಟಿಂಗ್ ಬದಲಿಸಿದಿರಿ ಎಂದು ಒಂದು ಪುಸ್ತಕದಲ್ಲಿ ಬರೆದು ಸಹಿ ಹಾಕಿ. ಮುಂದೆ ಓದುವವರು ಆ ಗೆರೆಯ ಆಚೆಗೆ ಒಂದು ಲೆಕ್ಕ, ಈಚೆಗೆ ಇನ್ನೊಂದು ಲೆಕ್ಕ ಹಾಕಿಕೊಳ್ಳುತ್ತಾರೆ.

ಇಲ್ಲಿ ನಿಲ್ಲಿಸಿ, ತಿಳಿದವರನ್ನು ಕರೆಯಿರಿ

ವ್ಯತ್ಯಾಸ ಮೇಲಿನ ಯಾವ ಲೆಕ್ಕಕ್ಕೂ ಸಿಗದೆ ಒಂದೊಂದು ಸಾಲಿಗೆ ಒಂದೊಂದು ತರ ಇದ್ದರೆ ನಿಲ್ಲಿಸಿ. ನಡುವೆ ಸಾಲುಗಳು ಕಾಣೆಯಾಗಿದ್ದರೆ, ಲಾಗ್ ತಾನಾಗಿ ಖಾಲಿಯಾಗಿದ್ದರೆ, ನೀವು ಬದಲಿಸದ ಗಡಿಯಾರ ಬದಲಾಗಿದ್ದರೆ ಇನ್ನೂ ಬೇಗ ನಿಲ್ಲಿಸಿ. ಅದು ಬೇರೆಯವರ ಕೈವಾಡ ಇರಬಹುದು. ಆಗ ಯಂತ್ರವನ್ನು ಮರುಪ್ರಾರಂಭಿಸದೆ, ನೆಟ್‌ವರ್ಕ್ ಕೇಬಲ್ ಕಳಚಿ ಕಾದುಕೊಳ್ಳಿ. ಹಣದ ತಗಾದೆ, ಲೆಕ್ಕಪರಿಶೋಧನೆ, ಪೊಲೀಸ್ ದೂರು ಈಗಾಗಲೇ ಶುರುವಾಗಿದ್ದರೂ ಅಷ್ಟೇ, ನೀವಾಗಿ ಒಂದು ಸೆಟ್ಟಿಂಗನ್ನೂ ಮುಟ್ಟಬೇಡಿ.

ಕರೆದವರಿಗೆ ಕೊಡಲು ಇಷ್ಟು ಸಿದ್ಧವಾಗಿರಲಿ: ಒಂದೇ ಘಟನೆಯ ಸಾಲು ಪ್ರತಿ ಯಂತ್ರದಿಂದ ಒಂದೊಂದು, ಪ್ರತಿ ಯಂತ್ರದ ವಲಯದ ಹೆಸರು, ಡೇಟಾಬೇಸಿನ ಆವೃತ್ತಿ, ಕೈಯಲ್ಲಿರುವ ಮೊಬೈಲಿನ ಪಕ್ಕ ಪರದೆಯ ಗಡಿಯಾರ ಕಾಣುವಂತೆ ತೆಗೆದ ಒಂದು ಫೋಟೊ. ಜನರಲ್ ಲಾಗ್‌ನಲ್ಲಿ ಸದಸ್ಯರ ಹೆಸರು, ಖಾತೆ ಸಂಖ್ಯೆ ಬಿಚ್ಚಿದಂತೆ ಇರುತ್ತವೆ. ವಾಟ್ಸ್‌ಆ್ಯಪಿನಲ್ಲಿ ಇಡೀ ಕಡತ ಕಳಿಸಬೇಡಿ. ಬೇಕಾದ ಸಾಲುಗಳನ್ನು ಮಾತ್ರ ತೆಗೆದು, ಹೆಸರು ಸಂಖ್ಯೆಗಳನ್ನು ಮುಚ್ಚಿ ಕೊಡಿ. ಲೆಕ್ಕ ಸಿಗುವ ತನಕ ಆ ಲಾಗ್ ಆಧಾರದಲ್ಲಿ ಯಾರ ಮೇಲೂ ಸಂಶಯದ ಮಾತು ಕಚೇರಿಯಲ್ಲಿ ಹರಿದಾಡದಂತೆ ಕಾರ್ಯದರ್ಶಿಯವರೇ ನೋಡಿಕೊಳ್ಳಬೇಕು.